ಗೇರುಸೊಪ್ಪೆಯ ಹೆಸರಿನ ಹಡಗು



ಶರಾವತಿ ತೀರದ ಗೇರುಸೊಪ್ಪೆಯ ಹೆಸರನ್ನು ನೀವು ಕೇಳಿರುತ್ತೀರಿ. ಜೋಗ ಜಲಪಾತವನ್ನು ಬ್ರಿಟಿಷರು ಈ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಇದೇ ಹೆಸರು ಹೊತ್ತ ಸರಕು ಹಡಗೊಂದು ಅಟ್ಲಾಂಟಿಕ್ ಸಾಗರದ ತಳದಲ್ಲಿದೆ.

ಅದು ಎರಡನೆಯ ಮಹಾಯುದ್ಧದ ಕಾಲ. 1940ರ ಡಿಸೆಂಬರಿನಲ್ಲಿ ಈ ಹಡಗು ಬೆಳ್ಳಿ, ಬೀಡುಕಬ್ಬಿಣ, ಚಹಾ ಮತ್ತು ಅಂಚೆ ಚೀಲಗಳನ್ನು ತುಂಬಿಕೊಂಡು ಕಲ್ಕತ್ತೆಯಿಂದ ಬ್ರಿಟನ್ನಿಗೆ ಹೊರಟಿತು. ಜರ್ಮನಿಯ ಜಲಾಂತರ್ಗಾಮಿಗಳ ಭಯದಿಂದ ಆಗ ಹಡಗುಗಳು ಗುಂಪುಗೂಡಿ ಸಾಗುತ್ತಿದ್ದವು. ಆಫ್ರಿಕಾದ ಫ್ರೀಟೌನ್‌ನಲ್ಲಿ ಇದೂ ಅಂಥ ಗುಂಪನ್ನು ಸೇರಿತು. ಆದರೆ ಬಿರುಗಾಳಿಗೆ ಸಿಕ್ಕಿ ಕಲ್ಲಿದ್ದಲು ಸಾಲದೆ ಬಂತು. ಗುಂಪನ್ನು ಬಿಟ್ಟು ಐರ್ಲೆಂಡಿನ ಗಾಲ್ವೇ ಬಂದರಿನತ್ತ ಒಂಟಿಯಾಗಿ ತಿರುಗಬೇಕಾಯಿತು. 1941ರ ಫೆಬ್ರವರಿ 16ರ ನಡುರಾತ್ರಿಯ ಹೊತ್ತಿಗೆ ಯು-101 ಜಲಾಂತರ್ಗಾಮಿಯ ಟಾರ್ಪಿಡೊ ಅದಕ್ಕೆ ಬಡಿಯಿತು. ಸುಮಾರು 20 ನಿಮಿಷಗಳಲ್ಲಿ ಹಡಗು ಮುಳುಗಿತು.

ಸುಮಾರು 30 ಜನರಿದ್ದ ಒಂದು ದೋಣಿ 13 ದಿನ ತೇಲಿತು. ಅವರಲ್ಲಿ ಹೆಚ್ಚಿನವರು ಲಸ್ಕರರು, ಎಂದರೆ ನಮ್ಮ ಉಪಖಂಡದ ನಾವಿಕರು. ಚಳಿ, ಬಾಯಾರಿಕೆಗಳಿಂದ ಒಬ್ಬೊಬ್ಬರಾಗಿ ಸತ್ತರು. ಇಂಗ್ಲೆಂಡಿನ ತೀರ ಕಣ್ಣಿಗೆ ಬಿದ್ದಾಗ ಅಲೆಗಳು ದೋಣಿಯನ್ನು ಮಗುಚಿದವು. ಹಡಗಿನಲ್ಲಿದ್ದ 86 ಮಂದಿಯಲ್ಲಿ ಬದುಕುಳಿದವರು ಅಧಿಕಾರಿ ರಿಚರ್ಡ್ ಏಯರ್ಸ್ ಒಬ್ಬರೇ.

2011ರಲ್ಲಿ ಹಡಗು ಪತ್ತೆಯಾಯಿತು. ಆಳ ಸುಮಾರು 4,700 ಮೀಟರ್, ಟೈಟಾನಿಕ್ ಇರುವುದಕ್ಕಿಂತ ಹೆಚ್ಚು. ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಅಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದ ಮೇಲೆ ಸುಮಾರು ಅರ್ಧ ಟನ್ ಭಾರ! ಆ ಆಳದಿಂದ ಯಂತ್ರಗಳು 2012 ಮತ್ತು 2013ರಲ್ಲಿ ಸುಮಾರು 110 ಟನ್ ಬೆಳ್ಳಿಯನ್ನು ಮೇಲೆತ್ತಿದವು.

ಬೆಳ್ಳಿಗಟ್ಟಿಗಳು ಟಿ.ವಿ. ಪರದೆಯ ಮೇಲೆ ಚೆನ್ನಾಗಿ ಹೊಳೆಯುತ್ತವೆ. ನಿರ್ಮಾಪಕನಾಗಿ ಅದು ನನಗೆ ಗೊತ್ತು. ಆದರೆ ಅದೇ ಹಡಗಿನಿಂದ 700ಕ್ಕೂ ಹೆಚ್ಚು ಕಾಗದಗಳೂ ಸಿಕ್ಕವು. ಭಾರತದಲ್ಲಿದ್ದವರು ದೂರದ ತಮ್ಮವರಿಗೆ ಬರೆದ, ಎಂದೂ ತಲುಪದ ಕಾಗದಗಳು. ಸರಕಿನಡಿ ಒತ್ತಾಗಿ ಕುಳಿತಿದ್ದ ಅವಕ್ಕೆ ಬೆಳಕು, ಆಮ್ಲಜನಕ ಸೋಕಲಿಲ್ಲ. ನೀರು ಕೊರೆಯುವಷ್ಟು ತಣ್ಣಗಿತ್ತು. ಹಾಗಾಗಿ 70 ವರ್ಷ ಕಳೆದರೂ ಅಕ್ಷರ ಉಳಿಯಿತು. ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ 2018ರಲ್ಲಿ ಅವುಗಳ ಪ್ರದರ್ಶನ ನಡೆಸಿತು.

ಬೆಳ್ಳಿಯನ್ನು ತೂಗಿದೆವು, ಕಾಗದಗಳನ್ನು ಓದಿದೆವು. ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದ ಲಸ್ಕರನ ಮನೆಯವರು ಎಷ್ಟು ದಿನ ದಾರಿ ಕಾದರು? ಮುಂದೆ ಎಲ್ಲಾದರೂ ನಿಧಿಯ ಕತೆ ಕೇಳಿದಾಗ, ಅದನ್ನು ಹೊತ್ತು ತಂದವರು ಯಾರೆಂದೂ ಕೇಳಿರಿ.