ಉಚಿತ ಪ್ರವೇಶವೂ ಏಳು ಮೆಟ್ಟಿಲೂ



ಕಳೆದ ವರ್ಷ ಊರಿನಿಂದ ಬಂದಿದ್ದ ಸೋದರತ್ತೆಯವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನಾವು ಒಂದು ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. ಟಿಕೆಟ್ ಕೊಡುವವರು, "ಇವರಿಗೆ ಬೇಡ" ಎಂದರು, ಸರ್ಟಿಫಿಕೇಟನ್ನೂ ಕೇಳಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ದಿನವೆಲ್ಲ ಕಾಗದ ಕೇಳಿಯೇ ಅನ್ನ ಉಣ್ಣುವ ನಮಗೆ ಕೊಂಚ ನಾಚಿಕೆಯೇ ಆಯಿತು. ಒಳಗೆ ಹೋದರೆ ಏಳು ಮೆಟ್ಟಿಲು, ಇಳಿಜಾರು ದಾರಿ ಇಲ್ಲ. "ನೀವೆಲ್ಲ ನೋಡಿಕೊಂಡು ಬನ್ನಿರೋ, ಬಂದು ಹೇಳಿದರಾಯಿತು" ಎಂದು ಅತ್ತೆ ಮರದ ನೆರಳಿನಲ್ಲಿ ಉಳಿದರು.

ಉಚಿತ ಪ್ರವೇಶ ಬೇಡವೆನ್ನುವವರಲ್ಲ ನಾವು. ಕುರ್ಚಿ ತಾನಾಗಿ ಉರುಳದಷ್ಟೆ. ತಳ್ಳುವವರಿಗೂ ಅದು ದೊರೆತರೆ ಲೇಸು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 29ನೆಯ ಕಲಮಿನಲ್ಲಿ ಸಂಸ್ಕೃತಿ, ಮನರಂಜನೆಗಳ ಮಾತಿದೆ, ಅಂಗವಿಕಲರ ಚರಿತ್ರೆಯ ವಸ್ತುಸಂಗ್ರಹಾಲಯವೊಂದರ ಮಾತೂ ಇದೆ, ಟಿಕೆಟ್ಟಿನ ಮಾತಿಲ್ಲ. ಸುಗಮ ಪ್ರವೇಶದ ನಿಯಮಗಳು ಬರಿಯ ಸಲಹೆಯಾಗಿರದೆ ಕಡ್ಡಾಯವಾಗಬೇಕೆಂದು ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರ್ 8ರಂದು ಹೇಳಿ, ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಗಡುವು ಕೊಟ್ಟಿತು.

ದೂರವೇಕೆ? ನಮ್ಮ ಕಾಕ್ಕನಾಡಿನಿಂದ ವೈಟ್ಟಿಲಕ್ಕೆ 2023ರ ಏಪ್ರಿಲಿನಿಂದ ಓಡುತ್ತಿರುವ ವಾಟರ್ ಮೆಟ್ರೋವನ್ನೇ ನೋಡಿರಿ. ದೋಣಿಕಟ್ಟೆ ನೀರಿನ ಮೇಲೆ ತೇಲುತ್ತ ಉಬ್ಬರವಿಳಿತದೊಡನೆ ತಾನೂ ಏರಿ ಇಳಿಯುವುದರಿಂದ, ಗಾಲಿಕುರ್ಚಿ ಸಮನಾಗಿ ದೋಣಿಯೊಳಕ್ಕೆ ಉರುಳುತ್ತದೆ. ಅತ್ತೆಗೆ ಟಿಕೆಟ್ ಕೊಂಡೇ ಹತ್ತಿಸಿದೆವು. ಕಿಟಕಿಯ ಬಳಿ ಕುಳಿತು, ದಡದ ತೆಂಗುಗಳನ್ನು ನಮಗೇ ತೋರಿಸುತ್ತ ಬಂದರು.

ಸಂಘದ ಮುಂದಿನ ವನಭೋಜನಕ್ಕೆ ಸ್ಥಳ ಗೊತ್ತುಮಾಡುವವರು ಮೊದಲು ಹೋಗಿ ಮೆಟ್ಟಿಲು ಎಣಿಸಿ ಬರಬೇಕೆಂದು ನಮ್ಮ ವಿನಂತಿ. ಡಿಸೆಂಬರಿನಲ್ಲಿ ಅತ್ತೆ ಮತ್ತೆ ಬರುತ್ತಾರೆ.