ಹಳ್ಳಕ್ಕೆ ಬಿಟ್ಟ ನೀರು ಕೊಟ್ಟಿಗೆಗೇ ಮರಳುತ್ತದೆ

(ಮಲೆನಾಡು ಭಾಗದ ಸಂಘಗಳ ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬಯಲುಸೀಮೆಯ ಊರಿನಲ್ಲಿ ಚರಂಡಿ ನೀರು ನಿಂತು ನಾರುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ನಮ್ಮ ಮಲೆನಾಡಿನಲ್ಲಿ ಹಾಗಲ್ಲ. ಗುಡ್ಡದ ಇಳಿಜಾರಿನಲ್ಲಿ ಕೊಟ್ಟಿಗೆ ತೊಳೆದ ನೀರು ತಾನಾಗಿಯೇ ಹರಿದು ಹಳ್ಳ ಸೇರುತ್ತದೆ. ನಮಗೆ ತೊಂದರೆ ಕಾಣುವುದಿಲ್ಲ. ಆದರೆ ಕೆಳಗಿನ ಮನೆಯವರ ದನ ಕುಡಿಯುವುದು ಅದೇ ಹಳ್ಳದ ನೀರನ್ನು. ನಮಗೂ ಮೇಲೊಂದು ಮನೆ ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು.

ಇದರಿಂದ ಹಾಲಿಗೇನು ನಷ್ಟ? ಯಕೃತ್ತಿನ ಚಪ್ಪಟೆ ಹುಳುವಿನ ಮೊಟ್ಟೆ ಸಗಣಿಯೊಂದಿಗೆ ನೀರು ಸೇರುತ್ತದೆ, ಅಲ್ಲಿ ಮರಿಯಾಗಿ ಬಸವನಹುಳುವಿನೊಳಗೆ ಬೆಳೆಯುತ್ತದೆ, ಬಳಿಕ ಹೊರಬಂದು ಜೌಗಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಆ ಹುಲ್ಲು ಮೇಯ್ದ ಹಸು ಬಡಕಲಾಗುತ್ತದೆ, ಗದ್ದದ ಕೆಳಗೆ ನೀರು ತುಂಬಿ ಬಾವು ಬರುತ್ತದೆ, ಹಾಲು ಇಳಿಯುತ್ತದೆ. ಇಲಿ ಮತ್ತು ದನಗಳ ಮೂತ್ರದಿಂದ ಹರಡುವ ಇಲಿಜ್ವರದ ರೋಗಾಣು ಹಸುವಿಗೆ ಗರ್ಭಪಾತ ತರಬಲ್ಲದು. ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವ ಮನುಷ್ಯರನ್ನೂ ಬಿಡದು. ಔಷಧಿ ಕುಡಿಸಿ ಮತ್ತೆ ಅದೇ ನೀರಿಗೆ ದನ ಬಿಟ್ಟರೆ ಔಷಧಿಯ ಹಣ ಹಳ್ಳಕ್ಕೆ ಸುರಿದಂತೆ.

ಹಾಗಾದರೆ ಏನು ಮಾಡಬೇಕು?

ಮೊದಲನೆಯದು, ನೀರು ಹಾಕುವ ಮುನ್ನ ಸಗಣಿ ಬಾಚಿ ತೆಗೆಯಿರಿ. ದಿನಕ್ಕೆ ಸುಮಾರು 50 ಕಿಲೋ, ಎಂದರೆ ನಾಲ್ಕೈದು ದನಗಳ ಸಗಣಿ, 2 ಘನ ಮೀಟರಿನ ಗೋಬರ್ ಗ್ಯಾಸ್ ಸ್ಥಾವರಕ್ಕೆ ಸಾಕು. ಅದನ್ನು ಕದಡಲು ಅಷ್ಟೇ ನೀರು ಬೇಕು; ಕೊಟ್ಟಿಗೆ ತೊಳೆದ ನೀರನ್ನೇ ಬಳಸಿ. ಫಿನಾಯಿಲ್ ಬೆರೆತ ನೀರು ಮಾತ್ರ ಬೇಡ. ಹೊರಬರುವ ಬಗ್ಗಡ ಅಡಿಕೆ ಮರದ ಬುಡಕ್ಕೆ ಒಳ್ಳೆಯ ಗೊಬ್ಬರ.

ಎರಡನೆಯದು, ಬಚ್ಚಲಿನ ನೀರು. ತಲೆಗೆ ದಿನಕ್ಕೆ 55 ಲೀಟರ್ ನಲ್ಲಿ ನೀರು ಎಂಬುದು 2019ರ ಜಲಜೀವನ್ ಮಿಷನ್ನಿನ ಗುರಿ. ಹಾಗೆ ಐದು ಜನರ ಮನೆಗೆ ಬರುವ 275 ಲೀಟರಿನಲ್ಲಿ ಹೆಚ್ಚಿನ ಪಾಲು ಕೊಳೆನೀರಾಗಿ ಹೊರಬೀಳುತ್ತದೆ. ಅದನ್ನು ಮೊದಲು ಸಣ್ಣ ಹೂಳು ತೊಟ್ಟಿಗೆ ಬಿಟ್ಟು, ಅಲ್ಲಿಂದ 1 ಮೀಟರ್ ಉದ್ದ, ಅಗಲ, ಆಳದ, ಕಲ್ಲು ತುಂಬಿದ ಇಂಗುಗುಂಡಿಗೆ ಅಥವಾ ಬಾಳೆ, ಕೆಸುವಿನ ಪಾತಿಗೆ ಹರಿಸಿ. ಗುಂಡಿ ಬಾವಿಯಿಂದ ಕನಿಷ್ಠ 10 ಮೀಟರ್ ದೂರ, ಇಳಿಜಾರಿನಲ್ಲಿ ಬಾವಿಗಿಂತ ಕೆಳಗಿರಲಿ. ಜಂಬಿಟ್ಟಿಗೆಯ ನೆಲ ನೀರನ್ನು ಸೋಸದೆ ಬೇಗ ಬಿಟ್ಟುಬಿಡುತ್ತದೆ. ಅಲ್ಲಿ ಇನ್ನೂ ದೂರ ಬೇಕು. ಮಳೆಗಾಲದಲ್ಲಿ ಗುಂಡಿ ತುಂಬಿ ಉಕ್ಕದಂತೆ ಸೂರಿನ ನೀರಿಗೆ ಬೇರೆಯೇ ಕಾಲುವೆ ತೆಗೆಯಿರಿ. ಜೌಗಿನಲ್ಲಿ ಇಂಗುಗುಂಡಿ ಕೆಲಸ ಮಾಡದು. ಅಲ್ಲಿ ನೆಲ ಎತ್ತರಿಸಿದ ಪಾತಿಯೇ ಸರಿ.

ಮೂರನೆಯದು, ನಮ್ಮ ಸಂಘದ ಅಂಗಳ. ಮನೆಯ ಕೊಳೆನೀರು ಲೀಟರಿಗೆ ಸುಮಾರು 250 ಮಿಲಿಗ್ರಾಂ ಪ್ರಾಣವಾಯುವನ್ನು ಹಳ್ಳದಿಂದ ಹೀರಿದರೆ, ಹಾಲು ಸುಮಾರು 1 ಲಕ್ಷ ಮಿಲಿಗ್ರಾಂ ಹೀರುತ್ತದೆ. ಚೆಲ್ಲಿದ 1 ಲೀಟರ್ ಹಾಲು 400 ಲೀಟರ್ ಕೊಳೆನೀರಿಗೆ ಸಮ! ಆದ್ದರಿಂದ ಕ್ಯಾನಿನ ಮೊದಲ ತೊಳೆನೀರನ್ನು, ಬರೀ ನೀರಿನಲ್ಲಿ ತೊಳೆದದ್ದಾದರೆ, ಕೂಡಲೇ ದನದ ಕಲಗಚ್ಚಿಗೆ ಬೆರೆಸಿ. ಸೋಡಾ ಹಾಕಿ ತೊಳೆದ ನೀರು ಗುಂಡಿಗೆ ಹೋಗಲಿ.

ಕರು ಹಾಕಿದ ಹಸುವಿನ ಕಸವನ್ನು ಹಳ್ಳಕ್ಕೆ ಎಸೆಯುವುದು ಬೇಡವೇ ಬೇಡ. ಸುಣ್ಣ ಹಾಕಿ ಆಳವಾಗಿ ಹೂಳಿರಿ, ಬರಿಗೈಯಲ್ಲಿ ಮುಟ್ಟಬೇಡಿ.

2020ರಲ್ಲಿ ಆರಂಭವಾದ ಸ್ವಚ್ಛ ಭಾರತ ಗ್ರಾಮೀಣ ಯೋಜನೆಯ ಎರಡನೇ ಹಂತದಲ್ಲಿ ಬಚ್ಚಲು ನೀರಿನ ನಿರ್ವಹಣೆಯೂ ಸೇರಿತು. ನೆರವಿನ ಬಗ್ಗೆ ಪಂಚಾಯತಿಯಲ್ಲಿ ವಿಚಾರಿಸಿ. ಆದರೆ ಸಗಣಿ ಬಾಚಲು, ಸೂರಿನ ನೀರು ಬೇರೆ ಮಾಡಲು ಯಾವ ಅರ್ಜಿಯೂ ಬೇಕಿಲ್ಲ. ಒಬ್ಬರು ಮಾಡಿದರೆ ಸಾಲದು. ಹಳ್ಳದ ಉದ್ದಕ್ಕೂ ಇರುವ ಮನೆಗಳೆಲ್ಲ ಸೇರಿ ಮಾಡಬೇಕು. ಒಟ್ಟಾಗಿ ಹಾಲು ಮಾರಲು ಕಲಿತ ನಮಗೆ ಒಟ್ಟಾಗಿ ಹಳ್ಳ ಕಾಯುವುದು ಕಷ್ಟವಲ್ಲ. ಮುಂದಿನ ಸಂಘದ ಸಭೆಯಲ್ಲಿ ಈ ವಿಷಯ ಎತ್ತಿರಿ.