ಪಟ್ಟಿಯಲ್ಲಿ ಇಲ್ಲದ ಹೆಸರು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಬಂದಾನ, ಕಂಪ್ಯೂಟರ್ ಬಗ್ಗೆ ಹೇಳತಾನ ಎಂದು ನೀವು ತಿಳಿದಿರಬಹುದು. ನಾನು ಹೇಳಹೊರಟಿರುವುದು ಮತದಾರರ ಪಟ್ಟಿಯ ಮಾತು.

2023ರ ವಿಧಾನಸಭೆ ಚುನಾವಣೆಗೆ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದಿದ್ದೆ. ಸರದಿಯಲ್ಲಿ ನನ್ನ ಮುಂದೆ ನಿಂತವರು ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಗೆಳೆಯನ ತಾಯಿ, ತಾಂಡಾದವರು. ಗೋವಾಕ್ಕೆ ಗುಳೆ ಹೋದವರು ಮತ ಹಾಕಲೆಂದೇ ಬಂದಿದ್ದರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. “ಹ್ವಾದ ಸಲ ಹಾಕೀನಲ್ಲೋ ತಮ್ಮಾ” ಎಂದು ನನ್ನ ಮುಖ ನೋಡಿದರು. ನಾನು ಏನೂ ಹೇಳದೆ ಒಳಗೆ ಹೋಗಿ ನನ್ನ ಮತ ಹಾಕಿ ಬಂದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆಮೇಲೆ ಅಮೇರಿಕದ ಇತಿಹಾಸ ಓದುವಾಗ ಒಂದು ಸಂಗತಿ ಮನಸ್ಸಿಗೆ ತಟ್ಟಿತು. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ಹೆಸರು ಪಟ್ಟಿಗೆ ಸೇರದಂತೆ ಓದು-ಬರಹದ ಪರೀಕ್ಷೆ ಒಡ್ಡುತ್ತಿದ್ದರು. ಅದರ ವಿರುದ್ಧ ಕಪ್ಪು ಜನರೇ ಹೋರಾಟ ಕಟ್ಟಿದರು. ಅವರ ಜೊತೆ ನಿಂತವರಲ್ಲಿ ಯಹೂದಿಗಳು ಬಹಳ. ಯಹೂದಿಗಳ ಮತಕ್ಕೆ ಅಲ್ಲಿ ಯಾರ ಅಡ್ಡಿಯೂ ಇರಲಿಲ್ಲ. ಆದರೂ 1964ರ ಜೂನ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಜೇಮ್ಸ್ ಚೇನಿ ಎಂಬ ಕಪ್ಪು ಯುವಕನೊಡನೆ ಆಂಡ್ರ್ಯೂ ಗುಡ್‌ಮನ್, ಮೈಕೆಲ್ ಶ್ವೆರ್ನರ್ ಎಂಬ ಇಬ್ಬರು ಯಹೂದಿ ಯುವಕರೂ ಕೊಲೆಯಾದರು. 1965ರ ಮಾರ್ಚ್ 21ರಂದು ಸೆಲ್ಮಾದಿಂದ ಹೊರಟ ನಡಿಗೆಯ ಮುಂಸಾಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರೊಡನೆ ಯಹೂದಿ ಧರ್ಮಗುರು ಅಬ್ರಹಾಂ ಹೆಶೆಲ್ ನಡೆದರು. ಹಿಟ್ಲರನ ಕಾಲದಲ್ಲಿ ತಾಯಿಯನ್ನೂ ಅಕ್ಕತಂಗಿಯರನ್ನೂ ಕಳೆದುಕೊಂಡವರು ಅವರು. ಅದೇ ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯ್ದೆ ಬಂತು.

ಇದು ದೂರದ ಕಥೆ ಅನ್ನಬೇಡಿ. 2011ರಲ್ಲಿ ನಮ್ಮ ಮುಂಡರಗಿ ತಾಲೂಕಿನ ಹಳ್ಳಿಗುಡಿ ರೈತರ ಭೂಮಿ ಉಕ್ಕಿನ ಕಾರ್ಖಾನೆಗೆ ಹೋಗುವುದಿತ್ತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು. ಸರ್ಕಾರ ಆ ಯೋಚನೆ ಬಿಟ್ಟಿತು. ತನ್ನದಲ್ಲದ ನೋವಿಗೆ ಎದ್ದು ನಿಲ್ಲುವುದು ನಮ್ಮ ನೆಲಕ್ಕೂ ಗೊತ್ತು.

ನಮ್ಮ ದೇಶ ಮೊದಲ ಚುನಾವಣೆಯಲ್ಲೇ ಅಕ್ಷರ ಬಾರದವರಿಗೂ ಮತ ಕೊಟ್ಟಿತು. ಆದರೂ ಆಗ ಸುಮಾರು 28 ಲಕ್ಷ ಹೆಣ್ಣುಮಕ್ಕಳು ಪಟ್ಟಿಯಿಂದ ಹೊರಗುಳಿದರು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು, ಸ್ವಂತ ಹೆಸರು ಹೇಳಿರಲಿಲ್ಲ. ಕಾನೂನು ಹಕ್ಕು ಕೊಡುತ್ತದೆ, ಅದು ಕೈಗೆ ಸಿಗಬೇಕಾದರೆ ಪಟ್ಟಿಯಲ್ಲಿ ಹೆಸರಿರಬೇಕು. ಗುಳೆ ಹೋದವರ ಮನೆಗೆ ಬೀಗ ಕಂಡರೆ ‘ಊರು ಬಿಟ್ಟಿದ್ದಾರೆ’ ಎಂದು ಹೆಸರು ತೆಗೆಯುವುದುಂಟು.

ಗೆಳೆಯನೂ ನಾನೂ ಕೂತು ನಮೂನೆ 6 ತುಂಬಿದೆವು. 2024ರ ಲೋಕಸಭೆ ಚುನಾವಣೆಯಲ್ಲಿ ಆ ತಾಯಿ ಬೆರಳಿನ ಶಾಯಿ ತೋರಿಸಿ ನಕ್ಕರು. ಅರ್ಧ ತಾಸಿನ ಕೆಲಸ ಅದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಶಾಲೆಗೆ ಗೋಡೆ ಗಡಿಯಾರ, ಫ್ಯಾನು ಕೊಡುತ್ತೇವೆ, ಕೊಡೋಣ. ಜೊತೆಗೆ ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬಂದಾಗ ಓಣಿ ಓಣಿ, ತಾಂಡಾ ತಾಂಡಾ ಹೋಗಿ ಪಟ್ಟಿ ಓದೋಣ. ಅವರು ಯಾರಿಗೆ ಮತ ಹಾಕುತ್ತಾರೆಂದು ಕೇಳುವುದು ಬೇಡ. ಹೆಸರು ಇದೆಯೇ ಎಂದಷ್ಟೇ ನೋಡೋಣ.

ದಿನಾ ಬೆಳಗ್ಗೆ ನಮ್ಮ ಗುರುಗಳು ಹಾಜರಿ ಕೂಗುವಾಗ ಯಾರ ಹೆಸರನ್ನೂ ಬಿಡುತ್ತಿರಲಿಲ್ಲ. ನಾವೂ ಬಿಡುವುದು ಬೇಡ.